ಹಾಜರಿ ಪುಸ್ತಕ

ಡೊಂಬಿವಲಿಯಿಂದ ಎಂಟೂ ಹತ್ತರ ಫಾಸ್ಟ್ ಹಿಡಿದು
ಇದು ನಾಲ್ಕನೆಯ ಶನಿವಾರ.
ಫೋರ್ಟಿನ ಗಲ್ಲಿ, ಮೂರನೆಯ ಮಾಳಿಗೆ,
ಮೆಟ್ಟಿಲ ಮೂಲೆಯಲ್ಲಿ ಪಾನ್ ಉಗುಳಿದ ಕೆಂಪು,
ಬಾಗಿಲ ಮೇಲೆ ಕನ್ನಡದ ಬೋರ್ಡು.
ವಾಚನಾಲಯದ 'ಯ' ಯಾವಾಗಲೋ ಉದುರಿದೆ,
ಹುಡುಕಿಸುವವರಿಲ್ಲ.

ಬೇಕಾದದ್ದು ಸಣ್ಣ ವಿಷಯ: ಅಜ್ಜ ಹುಟ್ಟಿದ್ದು ಯಾವಾಗ?
ನೂರು ತುಂಬಿತೋ ತುಂಬಲಿದೆಯೋ,
ಒಂದು ಊಟ ಹಾಕಿಸೋಣ ಎಂದಿದ್ದಳು ಅಮ್ಮ.
ರೇಷನ್ ಕಾರ್ಡಿನಲ್ಲಿ ಒಂದು ಇಸವಿ, ಮಿಲ್ಲಿನ ಪಾಸಿನಲ್ಲಿ ಇನ್ನೊಂದು,
ತಾರೀಖು ಮಾತ್ರ ಎರಡರಲ್ಲೂ ಜೂನ್ ಒಂದು.
ನಮ್ಮ ಜನವೆಲ್ಲ ಹುಟ್ಟಿದ್ದು ಜೂನ್ ಒಂದರಂದೇ,
ಸಾಲುಸಾಲಾಗಿ, ಮಾಸ್ತರರ ಟಾಕಿನ ತುದಿಯಿಂದ,
ಯಾವ ತಾಯಿಗೂ ನೋವಾಗದಂತೆ.

ಮೊದಲು ಸರಕಾರಿ ಪತ್ರಾಗಾರಕ್ಕೆ ಹೋಗಿದ್ದೆ.
ಕೈಚೀಲ ಹೊರಗೆ, ಪೆನ್ಸಿಲು ಮಾತ್ರ ಒಳಗೆ.
ಹಡಗು ಕಂಪನಿಯ ಕಾಗದದಲ್ಲಿ ಎಣಿಕೆ ಸಿಕ್ಕಿತು:
ಡೆಕ್ಕಿನವರು, ಮಂಗಳೂರಿಂದ, ಮುನ್ನೂರ ಹನ್ನೆರಡು.
ಹೆಸರಿರಲಿಲ್ಲ.
ಮೇಲಿನ ದರ್ಜೆಯವರಿಗೆ ಹೆಸರಿತ್ತು,
ಅವರಲ್ಲೊಬ್ಬರ ನಾಯಿಗೂ.

ಇಲ್ಲಿ ರುಕ್ಕಣ್ಣ ಸ್ಟೂಲು ಹತ್ತಿ
ಹಳೆ ಪಂಚೆಯಲ್ಲಿ ಕಟ್ಟಿದ ಗಂಟು ಇಳಿಸಿದರು.
"ರಾತ್ರಿಶಾಲೆಯದ್ದು. ಗೆದ್ದಲು ತಿಂದದ್ದು ಬಿಟ್ಟು
ಉಳಿದದ್ದೆಲ್ಲ ಉಂಟು."

ನಂಬರು ಹದಿನೇಳು: ನೋಣಯ್ಯ. ತಂದೆ ಬಾಡ.
ಊರು ಕಟಪಾಡಿ. ಕಸುಬು ಕಪ್ಪು ಬಸಿ ತೊಳೆಯುವುದು.
ನನ್ನ ಅಜ್ಜ. ನಮ್ಮ ಗೋಡೆಯ ಫೋಟೊ.
ಹದಿನೆಂಟು: ತನಿಯ.
ತಂದೆ, ಊರು, ಕಸುಬಿನ ಮನೆಗಳಲ್ಲಿ
'ಅದೇ' ಎನ್ನಲು ಎರಡೆರಡು ಗೀಟು.
ತನಿಯ ಯಾರು?
ದೈವದ ಹೆಸರಾಗಿ ಕೇಳಿದ್ದೆ,
ಮನುಷ್ಯನದಾಗಿ ಇಲ್ಲ.

ಹಾ ಹಾ ಹಾ ಹಾ, ನೋಣಯ್ಯನ ಸಾಲು.
ದುಂಡನೆಯ ರುಜು, ಣ-ಕಾರಕ್ಕೆ ಮೆರವಣಿಗೆಯ ಠೀವಿ.
ತನಿಯ ವಾರಕ್ಕೆರಡು ಬಾರಿ.
ಷರಾ: ಕುಳಿತಲ್ಲೇ ನಿದ್ದೆ ಮಾಡುತ್ತಾನೆ.

ನಲವತ್ತನಾಲ್ಕರ ಏಪ್ರಿಲ್ ಹದಿನಾಲ್ಕು
ಯಾರ ಸಾಲಿನಲ್ಲೂ ಏನೂ ಇಲ್ಲ.
ಬಂದರಿನಲ್ಲಿ ಹಡಗು ಸಿಡಿದ ಸಂಜೆ
ಹಾಜರಿ ಕರೆಯುವವರು ಯಾರು?
ಮತ್ತೂ ಹನ್ನೆರಡು ದಿನ ಖಾಲಿ.
ಆಮೇಲೆ ಹದಿನೆಂಟು: ಗೈ ಗೈ ಗೈ ಗೈ,
ತಿಂಗಳ ಕೊನೆಗೆ ಕೆಂಪು ಶಾಯಿಯ ಅಡ್ಡಗೆರೆ.
ಹದಿನೇಳು ಬಂದಿದ್ದಾನೆ.
ವಾರಕ್ಕೆರಡು ಬಾರಿ.
ಷರಾ: ಕುಳಿತಲ್ಲೇ ನಿದ್ದೆ ಮಾಡುತ್ತಾನೆ.

ನಾನು ಪುಟ ಹಿಂದೆ ಮಗುಚಿದೆ, ಮುಂದೆ ಮಗುಚಿದೆ.
ಜೂನಿನಲ್ಲಿ ಹದಿನೇಳಕ್ಕೆ ನಾಲ್ಕನೆಯ ಇಯತ್ತೆಯ ಸರ್ಟಿಫಿಕೇಟು,
ಮಿಲ್ಲಿಗೆ ಬೇಕೆಂದು ಕೇಳಿ ಒಯ್ದದ್ದು.
ಮುಟ್ಟಿದ್ದಕ್ಕೆ ರುಜು:
ಹೆಬ್ಬೆಟ್ಟು.

ಮಾಸ್ತರಿಗೆ ತಿಳಿಯಲಿಲ್ಲವೆ?
ಅದೇ ಕೈಯಿಂದ ಎರಡು ಸಲ ಬರೆದ ಅದೇ ಷರಾ.
ತಿಳಿದೇ ಕೊಟ್ಟರೆ? ಯಾವ ರಿಜಿಸ್ಟರಿನಲ್ಲಿ ಹುಡುಕಲಿ ಅದನ್ನು?

ಅಜ್ಜನನ್ನು ಹೆಸರಿಡಿದು ಕರೆದರೆ
ಮೂರನೆಯ ಸಲಕ್ಕೆ ತಿರುಗುತ್ತಿದ್ದರು.
ಮಿಲ್ಲಿನ ಸದ್ದಿಗೆ ಕಿವಿ ಹೋಗಿದೆ ಎಂದುಕೊಂಡಿದ್ದೆವು ನಾವು.
ಚಾಳಿನ ಗ್ಯಾಲರಿಯಲ್ಲಿ ಪೇಪರು ಎದೆಗೆ ಹರಡಿ
ಕುಳಿತಲ್ಲೇ ನಿದ್ದೆ.
ಕಾಗೆ ಕೂತರೆ ಮಾತ್ರ ಥಟ್ಟನೆ ಏಳುತ್ತಿದ್ದರು,
ಬಿಸ್ಕೀಟು ಮುರಿದು ಹಾಕಿ ತುಳುವಿನಲ್ಲಿ ಬಯ್ಯುತ್ತಿದ್ದರು:
"ಇಷ್ಟು ತಡವೇನೋ ನಿನಗೆ?"

ಹೆಬ್ಬೆಟ್ಟಿನ ನೀಲಿ ಇನ್ನೂ ಗಾಢವಾಗಿದೆ.
ನಾನು ಮುಟ್ಟಲಿಲ್ಲ.
ಮುಟ್ಟಬಾರದೆಂದು ರುಕ್ಕಣ್ಣನ ಬೋರ್ಡಿದೆ,
ಅದರ ಅಕ್ಷರಗಳು ಮಾತ್ರ ಎಲ್ಲವೂ ನೆಟ್ಟಗಿವೆ.

ಅರ್ಜಿಯಲ್ಲೊಂದು ಕಲಮು ತುಂಬಲು ಉಳಿದಿತ್ತು:
ಹುಡುಕುತ್ತಿರುವವರ ಹೆಸರು.
ಪೆನ್ನು ತೆಗೆದೆ. ಫ್ಯಾನಿನ ಗಾಳಿಗೆ ಕಾಗದ ಹಾರಿತು,
ಹಿಡಿದು ತಂದೆ, ಮಡಚಿ ಚೀಲದಲ್ಲಿಟ್ಟೆ.

ಸಿಎಸ್‌ಎಂಟಿಯಲ್ಲಿ ಗಾಡಿಗೆ ಕಾಯುವಾಗ ಅಮ್ಮನ ಫೋನು.
"ಸಿಕ್ಕಿತಾ ತಾರೀಖು?"
ಜೂನ್ ಒಂದೇ ಇರಲಿ, ಅಂದೆ.
ಎಲೆ ಮಾತ್ರ ಒಂದು ಹೆಚ್ಚು ಹಾಕಿಸು.