ಸ್ವಂತ ವಾಕ್ಯದಲ್ಲಿ ಬಳಸಿರಿ

ಮೈಂದರ್ಗಿಯ ಕನ್ನಡ ಶಾಲೆ, ಹತ್ತನೆಯ ಇಯತ್ತೆ.
ಹಾಜರಿಪಟದಲ್ಲಿ ಹತ್ತೊಂಬತ್ತು, ಬೆಂಚಿನ ಮೇಲೆ ಹದಿನಾಲ್ಕು.
ಹಲಗೆಯ ಮೇಲೆ ನಾನೇ ಬಿಡಿಸಿ ತೋರಿಸಿದ್ದೆ:
ಎದೆ, ಕುಂದು. ಕೂಡಿದರೆ ಎದೆಗುಂದು.
ಕಕಾರ ಹೋಗಿ ಗಕಾರ ಬಂತು, ಆದೇಶ ಸಂಧಿ.
ಗಡಸು ಅಕ್ಷರ ಮೆತ್ತಗಾಗುತ್ತದೆ, ಮಕ್ಕಳೇ,
ಮುಂದಿನ ಪದ ಹಿಂದಿನದಕ್ಕೆ ಒರಗಿದಾಗ.

ಕೊನೆಗೆ ಒಂದು 'ಇಸು' ಹಚ್ಚಿರಿ.
ಈಗ ಕುಂದುವ ಎದೆ ಒಬ್ಬರದು,
ಕುಂದಿಸುವ ಬಾಯಿ ಇನ್ನೊಬ್ಬರದು.
ಊರಾಗ ಅಂತಾರಲ್ಲ, ನಾಉಮೇದ ಮಾಡೂದು, ಅದೇ.

ಈ ಕ್ರಿಯಾಪದದ ಚಾಳಿ ನೋಡಿ:
ಬೇಡ, ಇಲ್ಲಗಳ ಸಂಗವಿಲ್ಲದೆ ಹೊರಗೆ ಬರುವುದೇ ಅಪರೂಪ.
ಎದೆಗುಂದಬೇಡ. ಎದೆಗುಂದಲಿಲ್ಲ. ಎದೆಗುಂದದೆ ನಡೆದ.
ಮತ್ತೆ, ಉತ್ತಮ ಪುರುಷಕ್ಕೆ ಇದು ಒಗ್ಗುವುದಿಲ್ಲ.
'ನಾನು ಎದೆಗುಂದಿಸಿದೆ' ಎಂದವರನ್ನು
ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಂಡಿಲ್ಲ.
ಎಲ್ಲರೂ ಅನ್ನುವುದು, 'ನಿನ್ನ ಒಳ್ಳೇದಕ್ಕ ಹೇಳೇನಿ.'

ಕರೆಂಟು ಹೋಗಿದೆ. ಮೊಬೈಲಿನ ಬೆಳಕಲ್ಲಿ ಉತ್ತರದ ಕಾಗದ.
ಎದೆಗುಂದಿಸು: ಎರಡು ಅಂಕ.
ಸಿದ್ಧಾರೂಢ, 'ವೈರಿಗಳು ರಾಜನನ್ನು ಎದೆಗುಂದಿಸಿದರು.'
ಯಾವ ರಾಜ, ಯಾವ ವೈರಿ, ಅವನಿಗೂ ಗೊತ್ತಿಲ್ಲ. ಎರಡು.
ನಸೀಮಾ ತಾಂಬೋಳಿ ಕ್ರಿಕೆಟ್ಟಿನ ಅಂಪೈರನ ಮೇಲೆ ಹಾಕಿದ್ದಾಳೆ. ಎರಡು.
ಪ್ರಾಜಕ್ತಾ ಹಡಪದ, ದುಂಡು ಅಕ್ಷರ:
'ಕನ್ನಡ ಕಲಿಸುವ ಅಕ್ಕೋರು ಆಗುತ್ತೇನೆ ಎಂದಾಗ
ನಮ್ಮ ಗುರುಗಳು ನನ್ನನ್ನು ಎದೆಕುಂದಿಸಿದರು.'

ದೀಪಾವಳಿ ರಜೆಯ ಮುನ್ನಾದಿನ, ನಳದ ಹತ್ತಿರ.
ನಾನು ಅಂದದ್ದು ಇಷ್ಟೇ:
'ಜಾಗಾ ಎಲ್ಲಿ ಅದಾವ ತಂಗಿ, ನಾ ರಿಟಾಯರ್ ಆದರ
ಈ ಖೋಲಿಗೆ ಕೀಲಿನ. ಅಕ್ಕಲಕೋಟಿಗೆ ಹೋಗು, ಮರಾಠಿ ತಗೋ.'
ಮೆಲ್ಲಗೆ ಅಂದಿದ್ದೆ.
ಪೇರಲಹಣ್ಣು ಮುರಿದು ಅರ್ಧ ಕೊಟ್ಟು ಅಂದಿದ್ದೆ.
ಆಕೆ ತಿಂದಳೋ ಇಲ್ಲವೋ, ನೋಡಲಿಲ್ಲ.

ಕರ್ತೃ ಇದೆ, ಕರ್ಮ ಇದೆ, ವಿಭಕ್ತಿ ಸರಿ.
ಸಂಧಿಯೊಂದೇ ತಪ್ಪು, ಗ ಬರಬೇಕಾದಲ್ಲಿ ಕ.
ಅರ್ಧ ಅಂಕ ಕಳೆಯಬೇಕು, ನಿಯಮ.
ಮರೆತು ಬರೆದಳೋ, ನೆನೆದು ಬರೆದಳೋ,
ಮೆತ್ತಗಾಗಲು ಒಪ್ಪದ ಆ ಕ.
ಕೆಂಪು ಪೆನ್ನು ಅದರ ಸುತ್ತ
ಅರ್ಧ ತಿರುಗಿ ನಿಂತಿದೆ.
ದುಧನಿಯ ಕೊನೆಯ ಎಸ್‌ಟಿ ಹಾರ್ನು ಹೊಡೆದು ಹೋಯಿತು.
ಇನ್ನೂ ಹನ್ನೊಂದು ಕಾಗದ.