ಹಳೆಯ ಆವೃತ್ತಿ

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ
ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದಂತೆ, ಹೂವು ಬಾಡಿರುವುದಿಲ್ಲವಂತೆ.
ನನ್ನ ಮೂಲೆಯ ಕಬ್ಬಿಣದ ಬೀರುವೂ ವರ್ಷಕ್ಕೊಮ್ಮೆಯೇ ತೆರೆಯುವುದು,
ಮಾರ್ಚಿಯಲ್ಲಿ, ಪುಸ್ತಕಗಳ ತಲೆ ಎಣಿಸುವಾಗ.
ಹೂವಿಲ್ಲ, ದೀಪವಿಲ್ಲ.
ನುಸಿಗುಳಿಗೆಯ ಘಾಟು, ಬೆಳ್ಳಿಹುಳ,
ಪೆನಿಸಿಲಿನ್ ಹುಟ್ಟುವ ಮುಂಚಿನದೊಂದು ಜ್ವರದ ಪುಸ್ತಕ;
ಅದರ ಅಧ್ಯಾಯಗಳೆಲ್ಲ ಮುಗಿಯುವುದು ಒಂದೇ ಮಾತಿನಲ್ಲಿ:
ಪಕ್ಕದಲ್ಲಿರಿ, ಕಾಯಿರಿ.

ಇಪ್ಪತ್ತೇಳು ವರ್ಷವಾಯಿತು ಈ ಮೆಡಿಕಲ್ ಕಾಲೇಜಿನಲ್ಲಿ.
ಮದುವೆಮನೆಗೆ ಹೋದರೆ ಯಾರಾದರೂ ಒಬ್ಬರು
ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆಯುತ್ತಾರೆ:
'ದಾಕ್ಷಾಯಣಕ್ಕ, ಈ ಗುಳಿಗೆ ಊಟಕ್ಕೆ ಮುಂಚೆಯೋ, ಆಮೇಕೋ?'
ನಾನು ಹೇಳುವುದಿಲ್ಲ. ಗೊತ್ತಿದ್ದರೂ ಗೊತ್ತಿಲ್ಲ.
ಯಾವ ಕಪಾಟು, ಯಾವ ಸಾಲು, ಯಾವ ಪುಟ,
ಅಲ್ಲಿಗೆ ನನ್ನ ಎಲ್ಲೆ.
ಅಡುಗೆಯವಳಲ್ಲ, ಬಡಿಸುವವಳೂ ಅಲ್ಲ,
ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಬಲ್ಲವಳು.

ಒಂದು ರಾತ್ರಿ, ಕಿಟಕಿಗಳನ್ನು ಹಾಕಿ ಬೀಗ ಕೈಯಲ್ಲಿ ಹಿಡಿದಿದ್ದೆ,
ಹೌಸ್ ಸರ್ಜನ್ ನಸೀಮಾ ಓಡಿ ಬಂದಳು
ಒಂದು ಚಪ್ಪಲಿ ವಾರ್ಡಿನಲ್ಲೇ ಬಿಟ್ಟು.
ಆಲೂಗಡ್ಡೆ ಹೊಲಕ್ಕೆ ಔಷಧಿ ಹೊಡೆಯಲು ಹೋದ ಹುಡುಗ,
ಬಾಯ್ತುಂಬ ನೊರೆ, ಕಣ್ಣಪಾಪೆ ಸಾಸಿವೆಕಾಳು.
ಅವಳ ಮುಷ್ಟಿಯಲ್ಲಿ ಡಬ್ಬದಿಂದ ಕಿತ್ತ ಚೀಟಿ:
ಹೆಸರಿನ ತಲೆ ಹರಿದುಹೋಗಿ
ಬಾಲದ ನಾಲ್ಕಕ್ಷರ ಉಳಿದಿತ್ತು.
ಯಾವ ಪುಸ್ತಕದ ಸೂಚಿಯೂ ಬಾಲದಿಂದ ಶುರುವಾಗುವುದಿಲ್ಲ.
ನನ್ನದೊಂದಿತ್ತು.
ಬಿ.ಎಂ. ರಸ್ತೆಯ ಗೊಬ್ಬರದಂಗಡಿಗಳಲ್ಲಿ ಭಾನುವಾರ ಭಾನುವಾರ ನಿಂತು
ಡಬ್ಬಗಳ ಹೆಸರು ಬರೆದುಕೊಂಡ ನೂರು ಪುಟದ ನೋಟ್‌ಬುಕ್ಕು,
ಕೊನೆಯಕ್ಷರದ ಪ್ರಕಾರ ಜೋಡಿಸಿದ್ದು.
(ಅಂಗಡಿಯವನು ನನ್ನನ್ನು ತೆರಿಗೆಯವಳೆಂದು ತಿಳಿದು
ಎರಡು ಸಲ ಕಾಫಿ ತರಿಸಿದ್ದ.)
ನಾಲ್ಕು ನಿಮಿಷ ಹಿಡಿಯಿತು.
ಅವಳು ಆ ಹೆಸರನ್ನು ಬಾಯಿಪಾಠ ಮಾಡುತ್ತ ಮೆಟ್ಟಿಲಿಳಿದಳು.

ಹುಡುಗ ಏನಾದ?
ನಸೀಮಾಳ ಪೋಸ್ಟಿಂಗು ಸಕಲೇಶಪುರಕ್ಕೆ ಬಿತ್ತು, ಯಾರೂ ಹೇಳಲಿಲ್ಲ.
ಕೇಳೋಣವೆಂದು ಹೋದವಳು ವಾರ್ಡಿನ ಬಾಗಿಲಿಂದಲೇ ಹಿಂದಿರುಗಿದೆ.
ಕೊಟ್ಟ ಪುಸ್ತಕ ಹದಿನಾಲ್ಕು ದಿನಕ್ಕೆ ವಾಪಸು ಬರಬೇಕು,
ತಡವಾದರೆ ದಿನಕ್ಕೊಂದು ರೂಪಾಯಿ.
ಕೊಟ್ಟ ಉತ್ತರಕ್ಕೆ ಅಂಥ ನಿಯಮವಿಲ್ಲ.

ಬೇರೆ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ವಯಸ್ಸಾದಷ್ಟೂ ಮರ್ಯಾದೆ.
ಇಲ್ಲಿ ವಯಸ್ಸಾದದ್ದು ಕೊಲ್ಲುತ್ತದೆ;
ಅಂದು ಮದ್ದಾಗಿದ್ದ ಪ್ರಮಾಣ ಇಂದು ವಿಷ.
ಅದಕ್ಕೇ ಹೋದ ವರ್ಷ ಮುನ್ನೂರ ಹನ್ನೆರಡು ಆವೃತ್ತಿಗಳ ರಟ್ಟಿಗೆ
'ರದ್ದು' ಎಂದು ಮೊಹರೊತ್ತಿ
ಪೆನ್ಷನ್ ಮೊಹಲ್ಲಾದ ಗುಜರಿಗೆ ಕಿಲೋ ಲೆಕ್ಕದಲ್ಲಿ ತೂಗಿ ಹಾಕಿದೆ.
ಒಬ್ಬೊಬ್ಬರ ಹೆಸರು ದಾಖಲೆಯಿಂದ ಹೊಡೆಯುವಾಗ
ಕೈ ಸ್ವಲ್ಪ ನಿಧಾನವಾಯಿತು, ನಿಜ.
ಜ್ವರದ ಪುಸ್ತಕ ಮಾತ್ರ ಉಳಿಸಿಕೊಂಡೆ.
'ಕಾಯಿರಿ' ಎಂಬುದಕ್ಕೆ ಹೊಸ ಆವೃತ್ತಿ ಬಂದಿಲ್ಲ.

ಮೂರನೇ ವಾರ, ಮಹಾರಾಜ ಪಾರ್ಕಿನ ಗೇಟಿನಲ್ಲಿ
ಹುರಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿದರೆ
ಮಕ್ಕಳ ಔಷಧಿ, ಪುಟ ನಾನೂರ ಆರು.
ಕೋಷ್ಟಕ ಸ್ಪಷ್ಟವಾಗಿದೆ, ಒಂದಂಕಿಯೂ ಅಳಿಸಿಲ್ಲ.
ರದ್ದಿನ ಮೊಹರು ರಟ್ಟಿನ ಜೊತೆ ಎಲ್ಲಿಗೋ ಹೋಗಿದೆ.
'ಇನ್ನೆಷ್ಟು ಹಾಳೆ ಇದೆ?'
'ಅರ್ಧ ಬುಕ್ಕು ಐತೆ, ಯಾಕವ್ವ?'
ಬರೀ ಹಾಳೆ ಮಾರಲು ಒಪ್ಪಲಿಲ್ಲ ಪುಣ್ಯಾತ್ಮ,
'ಆಮೇಕೆ ಕಾಯಿ ಯಾತರಲ್ಲಿ ಕೊಡ್ಲಿ?'
ಚೀಲದ ಕಡಲೆಕಾಯಿ ಸಮೇತ ಕೊಂಡೆ.

ಮಾರನೆಯ ದಿನ ಗ್ರಂಥಾಲಯದಲ್ಲಿ ಎಲ್ಲರ ದವಡೆಯೂ ಆಡುತ್ತಿತ್ತು,
ಪಿ.ಜಿ. ಹುಡುಗರದು, ಅನಾಟಮಿ ಮುಖ್ಯಸ್ಥರದು,
ಫ್ಯಾನ್ ರಿಪೇರಿಗೆ ಬಂದವನದು.
ಸಂಜೆ ಹೃದ್ರೋಗದ ಸಾಲಿನಲ್ಲಿ ಸಿಪ್ಪೆ ಗುಡಿಸುತ್ತಿದ್ದ ಬೋರಯ್ಯ
ಗೋಡೆಯ ಬೋರ್ಡಿನತ್ತ ಪೊರಕೆ ತೋರಿಸಿದ:
'ಇಲ್ಲಿ ಏನೂ ತಿನ್ನಬಾರ್ದು ಅಂತ ಬರೆದದ್ದು ತಾವೇ ಅಲ್ವ್ರಾ?'
ಕೆಂಪು ಪೆನ್ನಿನಲ್ಲಿ ನೂರತೊಂಬತ್ತನೆಯ ಹಾಳೆಗೆ ಅಡ್ಡಗೆರೆ ಎಳೆಯುತ್ತಿದ್ದೆ.
ಹೌದು ಎಂದೆ.
ಅವನಿಗೂ ಒಂದು ಹಿಡಿ.