ಕಡಲಮಟ್ಟದ ಸಾಲುಗಳು

ಎಲ್ ಆಲ್ತೊದಲ್ಲಿ ಗಾಳಿಯೇ ತೆಳು.
ಹೊಸಬರು ಮೂರು ಮೆಟ್ಟಿಲು ಹತ್ತಿ ಕೂತುಬಿಡುತ್ತಾರೆ,
ಇಂಜಿನ್ನುಗಳೂ ಹಾಗೆಯೇ.
ಅದಕ್ಕೇ ಫ್ರೊಯ್ಲಾನ್ ತಿಕೋನಾ ತನ್ನ ಹಳೇ ಟೊಯೋಟಾಗೆ
ಇನ್ನೊಂದು ಗಾಡಿಯ ಕ್ರ್ಯಾಂಕು ಹಾಕಿಸಿದ,
ಪಿಸ್ಟನ್ನು ಎಂಟೂವರೆ ಮಿಲಿಮೀಟರು ಹೆಚ್ಚು ಇಳಿಯುವಂತೆ.
ಸಾವಿರದೈನೂರ ಎಂಬತ್ತೇಳು ಸಿ.ಸಿ. ಇದ್ದದ್ದು
ಸಾವಿರದೇಳುನೂರ ಅರವತ್ತೆರಡಾಯಿತು.
ಕಬ್ಬಿಣದ ಕೆಲಸ ಮುಗಿಸಿದ ದೊನ್ ಕಸಿಯಾನೊ
ಕೈ ಒರೆಸಿಕೊಂಡು ಲ್ಯಾಪ್‌ಟಾಪು ನನ್ನ ಕಡೆ ತಳ್ಳಿದ:
"ಹೊಟ್ಟೆ ನಾನು ದೊಡ್ಡದು ಮಾಡಿದೆ, ಸೆನೋಬಿಯಾ.
ಬಡಿಸುವುದು ನೀನು ಕಲಿ."

ತೆರೆಯ ಮೇಲೆ ಅಡ್ಡ ಹದಿನಾರು, ಉದ್ದ ಹದಿನಾರು,
ಇನ್ನೂರೈವತ್ತಾರು ಮನೆ.
ಒಂದು ಕಡೆ ಇಂಜಿನ್ನಿನ ಸುತ್ತು, ಇನ್ನೊಂದು ಕಡೆ ಗಾಳಿಯ ಒತ್ತಡ,
ಪ್ರತಿ ಮನೆಯಲ್ಲೂ ಅದೇ ಪ್ರಶ್ನೆ:
ಈಗ ಎಷ್ಟು ಉಸಿರು ಒಳಗೆ ಹೋಯಿತು?
ನಾನು ಶಾಲೆಯ ಲೆಕ್ಕ ಹಾಕಿದೆ.
ನೂರಕ್ಕೆ ಹನ್ನೊಂದು ಹೆಚ್ಚಾಗಿದೆಯಲ್ಲ,
ಎಲ್ಲ ಮನೆಗೂ ಹನ್ನೊಂದು ಏರಿಸಿದರಾಯಿತು.
ಅರ್ಧ ನಿಮಿಷದ ಕೆಲಸ.
ಊಟಕ್ಕೆ ಬೇಗ ಹೋಗಬಹುದು ಅಂದುಕೊಂಡೆ.

ಒರೂರೊ ರಸ್ತೆಯಲ್ಲಿ ತಿಳಿಯಿತು.
ಮೂರು ಸಾವಿರ ಸುತ್ತಿಗೆ ಕಡಲೆ ಹುರಿದಂತೆ ಚಟಪಟ,
ಆರು ಸಾವಿರಕ್ಕೆ ಬೆನ್ನ ಹಿಂದೆ ಕರಿ ಹೊಗೆ.
ಕುರಿ ಕಾಯುವ ಮುದುಕಿ ಕೈಯೆತ್ತಿ ಬೈದಳು,
ಅಯ್ಮಾರದಲ್ಲಿ, ನನಗೆ ಚೆನ್ನಾಗಿ ಅರ್ಥವಾಗುವ ಹಾಗೆ.
ಕಸಿಯಾನೊ ನಗಲಿಲ್ಲ.
"ಹೊಟ್ಟೆ ಬೆಳೆಯಿತು, ಗಂಟಲು ಹಳೇದೇ ಅಲ್ಲವೇನೇ?
ನಿಧಾನಕ್ಕೆ ನುಂಗುವಾಗ ತುಂಬ ಹಿಡಿಯುತ್ತದೆ,
ಅವಸರದಲ್ಲಿ ಬಾಯಲ್ಲೇ ನಿಲ್ಲುತ್ತದೆ.
ಎಲ್ಲಕ್ಕೂ ಒಂದೇ ಸೌಟು ಹಾಕಿದರೆ?"

ಆಮೇಲೆ ಹನ್ನೆರಡು ರಾತ್ರಿ.
ಅವನು ಓಡಿಸುವುದು, ನಾನು ಮಡಿಲಲ್ಲಿ ತೆರೆ ಇಟ್ಟುಕೊಂಡು
ಹೊಗೆಕೊಳವೆಯ ಸೆನ್ಸರು ಹೇಳಿದ್ದನ್ನು ಕೇಳುವುದು.
ಒಂದು ಮನೆಯಲ್ಲಿ ನಿಲ್ಲುವುದು, ತಿದ್ದುವುದು,
ಪಕ್ಕದ ಮನೆಗೆ ಹೋಗುವುದು.
ಗಾಜಿನ ಮೇಲೆ ನಮ್ಮದೇ ಉಸಿರು ಹೆಪ್ಪುಗಟ್ಟುತ್ತಿತ್ತು.
ಒಮ್ಮೆ ನಾಯಿಗಳು ಅಟ್ಟಿಸಿಕೊಂಡು ಬಂದವು,
ಅವುಗಳ ದಯೆಯಿಂದ
ನಾಲ್ಕೂವರೆ ಸಾವಿರದ ಕಂಬ ಪೂರ್ತಿ ಸಿಕ್ಕಿತು.

ಮೇಲಿನ ಎಂಟು ಸಾಲು ಮಾತ್ರ ಬರಲೇ ಇಲ್ಲ.
ನೆಲಕ್ಕಂಟುವಷ್ಟು ತುಳಿದರೂ ಮುಳ್ಳು ಅರವತ್ತೆರಡಕ್ಕೆ ನಿಂತಿತು.
ಅರ್ಧ ಪಟ್ಟಿ ನಮ್ಮಲ್ಲಿಲ್ಲದ ಗಾಳಿ.
ನೂರು ಅಂದರೆ ಕಡಲ ದಂಡೆಯ ಒತ್ತಡ,
ಆ ಕಡಲನ್ನು ನಾವು ಯುದ್ಧದಲ್ಲಿ ಕಳೆದುಕೊಂಡದ್ದು
ನನ್ನ ಅಜ್ಜಿಯ ಅಜ್ಜಿಯ ಕಾಲಕ್ಕೆ.
ಮಾರ್ಚಿಯಲ್ಲಿ ಮಕ್ಕಳು ನೀಲಿ ಬಾವುಟ ಹಿಡಿದು ನಡೆಯುತ್ತಾರೆ.
ನಾನೂ ನಡೆದಿದ್ದೆ, ಬೂಟು ಕಚ್ಚುತ್ತಿತ್ತು.
ಕಡಲು ಕಂಡವಳಲ್ಲ.

ತಿಕೋನಾ ಗಾಡಿ ಒಯ್ಯುವುದು ಅಲ್ಲಿಗೇ,
ಗಡಿಯಾಚೆ ಅರೀಕಾಗೆ, ಮಗಳ ಮದುವೆಗೆ.
"ಹೋಗದ ಜಾಗಕ್ಕೆ ಏನಂತ ಬರೆಯಲಿ?"
ಕಸಿಯಾನೊ ಮೇಜಿನ ಮೇಲೆ ಬೋರಲು ಬಿದ್ದಿದ್ದ
ಹಳೇ ಪಿಸ್ಟನ್ನು ಎತ್ತಿ ನನ್ನ ಕೈಗಿಟ್ಟ.
ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು,
ಅಂಚು ಮೇಣದಂತೆ ಕರಗಿತ್ತು.
ಅವನು ಕಲಿಯುವ ಕಾಲದ್ದಂತೆ, ಪೆಟ್ರೋಲು ಉಳಿಸಹೋಗಿ.
"ಗೊತ್ತಿಲ್ಲದ ಕಡೆ ಕೈ ಧಾರಾಳವಾಗಿರಲಿ," ಅಂದ,
"ಕಿಡಿಯನ್ನು ಕೊಂಚ ತಡವಾಗಿ ಹೊತ್ತಿಸು."

ಅರವತ್ತೈದರಿಂದ ನೂರರವರೆಗೆ ನೂರಿಪ್ಪತ್ತೆಂಟು ಮನೆ,
ತುಳಿದ ಸಾಲಿನ ಏರನ್ನೇ ಕಣ್ಣಂದಾಜಿಗೆ ಎಳೆಯುತ್ತ,
ಪ್ರತಿ ಮನೆಗೂ ಒಂದು ಹನಿ ಜಾಸ್ತಿ.

ಒಂಬತ್ತು ದಿನ ಬಿಟ್ಟು ತಿಕೋನಾ ಬಂದ.
ಚೆನ್ನಾಗಿ ಓಡಿತು, ಸ್ವಲ್ಪ ಪೆಟ್ರೋಲು ವಾಸನೆ, ಅಂದ,
ಮದುವೆಯ ರೊಟ್ಟಿ ಕೊಟ್ಟ.
ಅವನು ಹೋದ ಮೇಲೆ ಗಾಡಿಯ ನೆನಪನ್ನು ಬಿಚ್ಚಿದೆ.
ಚುಕ್ಕೆ ಎಪ್ಪತ್ತು, ಎಂಬತ್ತು, ತೊಂಬತ್ತೈದು ದಾಟಿ
ನಾನು ಕಾಲಿಡದ ಮನೆಗಳಲ್ಲೆಲ್ಲ ನಡೆದಾಡಿತ್ತು.
ನೂರಕ್ಕೆ ನಾಲ್ಕು ಹೆಚ್ಚೇ ಬಡಿಸಿದ್ದೆ.
ತಿದ್ದಬಹುದಿತ್ತು.
ಒಂದು ಕಡೆ, ಬೆಳಿಗ್ಗೆ ಆರೂ ಹತ್ತಕ್ಕೆ,
ಒತ್ತಡ ನೂರಾ ಒಂದು ಅಂತಿತ್ತು;
ನನ್ನ ಪಟ್ಟಿ ನೂರಕ್ಕೇ ಮುಗಿದಿತ್ತು.